ಎಂಬತ್ತಾರರ ಬಾವುಟ

ನೀರು ಕುಡಿಯುವ ನೆಪದಲ್ಲಿ ಹೇಜಲ್ ಆ ಬೆಳಿಗ್ಗೆ ಎದ್ದದ್ದು ಇದು ಮೂರನೆಯ ಸಲ. ಬಾಯಾರಿಕೆಯೇನೂ ಇರಲಿಲ್ಲ. ಮೇಜಿನ ಮೇಲಿದ್ದ ಹಾಳೆಯಿಂದ ದೂರ ಹೋಗಿ ನಿಲ್ಲಲು ಫುಟ್‌ಬಾಲ್ ಸಂಸ್ಥೆಯ ಆ ಕಚೇರಿಯಲ್ಲಿ ನೀರಿನ ಕೂಲರ್ ಬಿಟ್ಟರೆ ಬೇರೆ ಜಾಗವಿರಲಿಲ್ಲ, ಅಷ್ಟೆ. ಪ್ಲಾಸ್ಟಿಕ್ ಲೋಟ ಹಿಡಿದು ಕಿಟಕಿಯಾಚೆ ನೋಡಿದಳು. ಫೆಬ್ರವರಿಯ ದೂಳಿನಲ್ಲಿ ಕ್ರೇನುಗಳು ಅರ್ಧ ಕಾಣುತ್ತಿದ್ದವು, ಅರ್ಧ ಇಲ್ಲ. ತಿರುಗಿದರೆ ಹಾಳೆ ಅಲ್ಲೇ ಇತ್ತು, ನೂರ ಹನ್ನೆರಡನೆಯ ಪುಟ. ಕೊಲ್ಲಿಯ ಈ ಪುಟ್ಟ ದೇಶದ ಫುಟ್‌ಬಾಲ್ ಲೀಗಿನ ಚರಿತ್ರೆಯನ್ನು ಪುಸ್ತಕ ಮಾಡುವ ಕೆಲಸ ಒಂದೂವರೆ ವರ್ಷದಿಂದ ನಡೆದಿತ್ತು. ಯಾರೋ ಅರಬಿಯಲ್ಲಿ ಬರೆದದ್ದನ್ನು ಝಕರಿಯಾ ಇಂಗ್ಲಿಷಿಗೆ ತರುತ್ತಿದ್ದ. ಹೇಜಲ್ ಟೈಪ್ ಮಾಡುತ್ತಿದ್ದಳು. ಎಣ್ಣೆ ಕಂಪನಿಯವರು ಮರಳಿನ ಮೇಲೆ ಆಡುತ್ತಿದ್ದ ಕಾಲ, ಹುಲ್ಲಿನ ಮೈದಾನ ನೋಡಲೆಂದೇ ಜನ ಬರುತ್ತಿದ್ದ ಕಾಲ, ಮೊದಲ ಲೀಗು, ಮೊದಲ ಕಪ್, ಇವೆಲ್ಲ ಅವಳ ಬೆರಳ ತುದಿಯಿಂದ ಸಲೀಸಾಗಿ ದಾಟಿ ಹೋಗಿದ್ದವು. ಎಂಬತ್ತಾರನೆಯ ಇಸವಿ ಬರುತ್ತದೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಬಂದಾಗ ಒಂದೇ ಸಾಲಿನಲ್ಲಿ ಬಂತು: ಆ ವರ್ಷದ ಲೀಗು ಒಬ್ಬ ಲೈನ್ಸ್‌ಮನ್ನನ ತಪ್ಪಿನಿಂದ ತೀರ್ಮಾನವಾಯಿತು. ಅಂಚಿನಲ್ಲಿ ಝಕರಿಯಾ ಪೆನ್ಸಿಲಿನಲ್ಲಿ, ಆ ಕಚೇರಿಯಲ್ಲಿ ಅವರಿಬ್ಬರನ್ನು ಬಿಟ್ಟು ಬೇರೆ ಯಾರಿಗೂ ಓದಲು ಬಾರದ ಕನ್ನಡದಲ್ಲಿ, 'ಹೆಸರು?' ಎಂದು ಬರೆದಿದ್ದ.

ಉಳ್ಳಾಲದ ಹುಡುಗ ಝಕರಿಯಾ. ಹುಡುಗ ಎಂದು ಅವಳು ಅಂದುಕೊಳ್ಳುವುದಷ್ಟೆ, ಮೂವತ್ತೈದು ದಾಟಿತ್ತು, ಎರಡು ಮಕ್ಕಳ ತಂದೆ. ಬಾಗಿಲಿಗೆ ಒರಗಿ ನಿಂತು ಹೇಳಿದ್ದ.

"ಹೇಜಲಕ್ಕ, ಆ ಲೈನ್ಸ್‌ಮನ್ನನ ಹೆಸರೊಂದು ಬೇಕಿತ್ತು. ಹಳೇ ಮ್ಯಾಚ್ ಶೀಟಲ್ಲಿ ಉಂಟಾ ನೋಡ್ತೀರಾ? ಡೈರೆಕ್ಟರು ಕೇಳಿದ್ರು. ಗೋಲು ಹೊಡೆದವರ ಹೆಸರೆಲ್ಲ ಉಂಟು, ಲೀಗ್ ತಪ್ಪಿಸಿದವನದ್ದು ಮಾತ್ರ ಇಲ್ಲ ಅಂತ ನಗಾಡಿದ್ರು."

"ನೋಡ್ತೇನೆ," ಎಂದಿದ್ದಳು.

ನೋಡುವುದೇನಿತ್ತು. ಹಿಂದಿನ ವರ್ಷ ಆ ಹಾಳೆಗಳನ್ನೆಲ್ಲ ಇಸವಿವಾರು ಜೋಡಿಸಿದವಳೇ ಅವಳು. ಆದರೂ ಹುಡುಕುವವಳ ಹಾಗೆ ಕಪಾಟಿನ ಮುಂದೆ ನೆಲದ ಮೇಲೆ ಕುಳಿತಳು, ಬೇಡದ ಎರಡು ಫೈಲುಗಳನ್ನು ಹೊರಗೆಳೆದಳು, ಆಮೇಲೆ ಬೇಕಾದದ್ದನ್ನು ತೆರೆದಳು. ಹಳದಿಯಾದ ಹಾಳೆಯ ಕೆಳಗೆ ರೆಫರಿಯ ಸಹಿ, ಅದರ ಕೆಳಗೆ ಗೆರೆಯ ಪಕ್ಕ ಬಾವುಟ ಹಿಡಿದ ಲೈನ್ಸ್‌ಮನ್ನನದು, ಅವಳ ಗಂಡನ ಸಹಿ. ಈಗಲೂ ಬಾಡಿಗೆ ಚೀಟಿಗೂ ಟೆಲಿಫೋನ್ ಬಿಲ್ಲಿಗೂ ಅವನು ಹಾಕುವ ಅದೇ ಸಹಿ, 'ಎಲ್' ಅಕ್ಷರದ ಹೊಟ್ಟೆ ಮಾತ್ರ ಆಗ ಇನ್ನಷ್ಟು ದೊಡ್ಡದಿತ್ತು. ಸಹಿ ಹಾಕುವಾಗ ಕೈ ನಡುಗಿತ್ತೇ ಎಂದು ಹಾಳೆಯನ್ನು ಬೆಳಕಿಗೆ ಹಿಡಿದಳು. ನಡುಗಿದ ಹಾಗೆ ಕಾಣಲಿಲ್ಲ. ಅದೇಕೋ ಅವಳಿಗೆ ಸಮಾಧಾನವಾಗುವ ಬದಲು ಒಳಗೆ ಏನೋ ಕಚ್ಚಿದಂತಾಯಿತು. ಫೈಲು ಮುಚ್ಚಿ ಇದ್ದಲ್ಲೇ ಇಟ್ಟು ಎದ್ದಳು.

"ಸಿಗ್ಲಿಲ್ಲ ಝಕರಿಯಾ. ಕೆಲವು ಹಾಳೆ ನೀರು ಬಿದ್ದು ಹಾಳಾಗಿವೆ."

"ಅಡ್ಡಿಲ್ಲ ಅಕ್ಕ. ನಾಳೆ ನಾಡಿದ್ದು ರಜೆ, ಭಾನುವಾರ ಬಂದು ನಾನೇ ಕೂತು ಹುಡುಕ್ತೇನೆ. ನಿಮಗೆ ಸುಮ್ನೆ ಸೊಂಟ ನೋವು."

ಅವನ ಈ ಕಾಳಜಿಯಿಂದ ಅವಳ ಮುಖ ಬಿಸಿಯಾಯಿತು. ಇಪ್ಪತ್ತೊಂದು ವರ್ಷದ ಕೆಲಸದಲ್ಲಿ ಅವಳು ಆ ಕಚೇರಿಯಲ್ಲಿ ಸುಳ್ಳು ಹೇಳಿದ್ದು ಇದು ಮೊದಲ ಸಲವೇನಲ್ಲ. ಮೊದಲನೆಯದು ಇನ್ನೂ ಕೆಟ್ಟದ್ದಿತ್ತು. ಅದನ್ನು ನಗುತ್ತಾ ಹೇಳಿದ್ದಳು. ಡೈರೆಕ್ಟರು ಒಳ್ಳೆಯ ಮನುಷ್ಯ, ಈದ್‌ಗೆ ಖರ್ಜೂರದ ಪೆಟ್ಟಿಗೆ, ಕ್ರಿಸ್ಮಸ್ಸಿಗೆ ಕೇಕು ತಪ್ಪದೆ ಕೊಡುವವರು. ಅತಿಥಿಗಳು ಬಂದಾಗಲೆಲ್ಲ ಅವರು ಹೇಳುವ ಕಥೆ ಒಂದಿತ್ತು. ಹತ್ತು ವರ್ಷದ ಹುಡುಗನಾಗಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ ಮ್ಯಾಚು, ಬಂದರು ಕ್ಲಬ್ಬಿನವರು ಕೊನೆಯ ನಿಮಿಷದಲ್ಲಿ ಹೊಡೆದ ಗೋಲು, ಇಡೀ ಮೈದಾನ ಎದ್ದು ಕುಣಿಯುತ್ತಿರುವಾಗ ಮೂಲೆಯಲ್ಲಿ ಒಬ್ಬ ಒಣಕಲು ಹಿಂದಿಯವನು, ಅಂದರೆ ಇಂಡಿಯಾದವನು, ಆ ಗೋಲು ಲೆಕ್ಕಕ್ಕಿಲ್ಲವೆಂದು ಬಾವುಟ ಎತ್ತಿ ಕಂಬದ ಹಾಗೆ ನಿಂತದ್ದು. ಕಥೆ ಇಲ್ಲಿಗೆ ಬಂದಾಗ ಅವರು ಎದ್ದು ಟಿಶ್ಯೂ ಕಾಗದ ಹಿಡಿದು ಹಾಗೇ ನಿಂತು ತೋರಿಸುತ್ತಿದ್ದರು. ಅತಿಥಿಗಳು ಬಿದ್ದು ಬಿದ್ದು ನಗುತ್ತಿದ್ದರು. ಒಮ್ಮೆ ಹೇಜಲ್ ಕಾಗದಗಳಿಗೆ ಸಹಿ ಮಾಡಿಸಲು ಅಲ್ಲೇ ನಿಂತಿದ್ದಳು. "ನಿನಗೆ ಗೊತ್ತಿರಬೇಕಲ್ಲ, ನಿಮ್ಮವನೇ," ಎಂದು ಅವರು ಅವಳತ್ತ ತಿರುಗಿದಾಗ ಅವಳೂ ನಕ್ಕಳು. ಗೊತ್ತಿಲ್ಲ ಸರ್ ಎಂದಳು. ಆ ನಗು ಬಾಯಿಂದ ಬಂದ ರೀತಿ ಅವಳಿಗೆ ಇಂದಿಗೂ ನೆನಪಿದೆ, ಬೇರೆ ಯಾರೋ ಪಕ್ಕದಲ್ಲಿ ನಿಂತು ನಕ್ಕ ಹಾಗೆ. ಆ ಸಂಜೆ ಮನೆಗೆ ಹೋಗಿ ಗಂಡ ಲ್ಯಾನ್ಸ್‌ಲಾಟನಿಗೆ ಇಷ್ಟವೆಂದು ಸಣ್ಣ ಸಿಗಡಿಯ ಸುಕ್ಕ ಮಾಡಿದ್ದಳು. ಏನು ವಿಶೇಷ ಎಂದು ಅವನು ಕೇಳಿರಲಿಲ್ಲ.

ಅವನು ಕೇಳುವವನಲ್ಲ. ಏರ್‌ಕಂಡೀಷನರ್ ಕಂಪನಿಯ ಉಗ್ರಾಣ ನೋಡಿಕೊಳ್ಳುವ ಕೆಲಸ ಅವನದು. ಕೇಳಿದ್ದನ್ನು ತೆಗೆದುಕೊಟ್ಟು ಸುಮ್ಮನಿರುವುದು ಮೈಗೆ ಹತ್ತಿತ್ತು. ಆದರೆ ಮದುವೆಯಾದ ಹೊಸತರಲ್ಲಿ ಹೀಗಿರಲಿಲ್ಲ. ರೆಫರಿ ಪರೀಕ್ಷೆ ಪಾಸು ಮಾಡಿದ ಸುದ್ದಿ ಹೇಳಲು ಆಗ ಅವರಿದ್ದ ನಜ್ಮಾ ಬಡಾವಣೆಯ ಗಲ್ಲಿಯಲ್ಲಿ ಓಡಿ ಬಂದಿದ್ದ. ಶುಕ್ರವಾರ ಮಧ್ಯಾಹ್ನ ಕಪ್ಪು ಚಡ್ಡಿ, ಕಪ್ಪು ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತರೆ ಅವಳಿಗೆ ನಗು ಬರುತ್ತಿತ್ತು, ಜೊತೆಗೆ ಹೆಮ್ಮೆಯೂ. ಎಷ್ಟೋ ಜನ ಇಂಡಿಯಾದಿಂದ ಬಂದು ಈ ದೇಶದಲ್ಲಿ ಬದುಕು ಸವೆಸಿದರು, ಇಲ್ಲಿಯವರು ಅವರ ಮುಖವನ್ನೂ ನೋಡಲಿಲ್ಲ. ಇವನು ಬಾವುಟ ಎತ್ತಿದರೆ ಅರಬ್ ಶೇಖ್‌ಗಳ ಮಕ್ಕಳೂ ಓಟ ನಿಲ್ಲಿಸುತ್ತಿದ್ದರು. ಎಂಬತ್ತಾರರ ಏಪ್ರಿಲಿನ ಆ ಶುಕ್ರವಾರ ಊಟದ ಹೊತ್ತಿಗೇ ಅವಳಿಗೆ ಹೊಟ್ಟೆ ಹಿಡಿದುಕೊಂಡಿತ್ತು. ಬಸಿರಿಗೆ ಐದು ತಿಂಗಳು. ಅವನು ಬೂಟಿಗೆ ಪಾಲಿಶು ಹಾಕುತ್ತಾ ತಲೆ ಎತ್ತಿ, ಹೋಗ್ಲಾ ಬೇಡವಾ ಎಂದು ಕೇಳಿದ. ಲೀಗಿನ ಕೊನೆಯ ಮ್ಯಾಚು, ಗೆದ್ದವರಿಗೆ ಲೀಗು. ಹೋಗು, ಗ್ಯಾಸು ಅಷ್ಟೆ ಎಂದಳು. ಅವನು ಮೆಟ್ಟಿಲಿಳಿದು ಒಂದು ಗಂಟೆಯಾಗುವಷ್ಟರಲ್ಲಿ ಅವಳು ಬಚ್ಚಲಿನ ನೆಲದ ಮೇಲಿದ್ದಳು. ಪಕ್ಕದ ಕೋಣೆಯ ಕಾಸ್ಮಿರ್, ಪಾಪದ ಮನುಷ್ಯ, ಈಗ ಇಲ್ಲ, ತನ್ನ ಪಿಕಪ್ಪಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ. ದಾರಿಯಲ್ಲೇ ಸ್ಟೇಡಿಯಂ. ಅವಳು ಸಿಗರೇಟು ಪ್ಯಾಕಿನ ಕಾಗದ ಹರಿದು ಬರೆದಳು: ಆಸ್ಪತ್ರೆಗೆ ಹೋಗ್ತಿದ್ದೇನೆ, ಬಾ. ಕಾಸ್ಮಿರ್ ಗೇಟಿನಲ್ಲಿ ಜಗಳವಾಡಿ ಒಳಗೆ ಹೋಗಿ ಬಂದು, ಇಂಟರ್ವಲ್ ಹೊತ್ತು, ಕೈಗೇ ಕೊಟ್ಟೆ, ಈಗ ಬರ್ತಾನೆ ಎಂದ. ಲ್ಯಾನ್ಸ್‌ಲಾಟ್ ಬಂದದ್ದು ಏಳು ಗಂಟೆಗೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಮೊಣಕಾಲಿನ ಮೇಲೆ ಸುಣ್ಣದ ಗೆರೆ, ಅಂಗಿಯ ಬೆನ್ನಿನಲ್ಲಿ ಯಾರೋ ಎಸೆದ ಏನೋ ಅಂಟಿಕೊಂಡು ಒಣಗಿತ್ತು. ಮಂಚದ ಪಕ್ಕ ನಿಂತು, ಮುಗೀತಾ ಎಂದು ಕೇಳಿದ. ಹೂಂ ಎಂದಳು. ಅಷ್ಟೆ. ಜನ ಅವನನ್ನು ಒಂದು ಗಂಟೆ ಸ್ಟೇಡಿಯಂನ ಕೋಣೆಯೊಳಗೆ ಕೂಡಿಹಾಕಿದ್ದರು, ಪೊಲೀಸರು ಬಂದು ಬಿಡಿಸಿದ್ದರು ಎಂದು ಅವಳಿಗೆ ತಿಳಿದದ್ದು ಮರುದಿನ ಕಾಸ್ಮಿರನಿಂದ.

ಆಮೇಲೆ ಮಕ್ಕಳು ನಿಲ್ಲಲಿಲ್ಲ. ಅವನೂ ಮತ್ತೆ ಕಪ್ಪಂಗಿ ತೊಡಲಿಲ್ಲ. ಓಣಿಯ ಹುಡುಗರು ಅವನನ್ನು ಕಂಡರೆ ಕರವಸ್ತ್ರ ಎತ್ತುತ್ತಿದ್ದರು. ಮದುವೆ ಮನೆಗಳಲ್ಲಿ, ಎರಡು ಗ್ಲಾಸು ಒಳಗೆ ಹೋದ ಮೇಲೆ, ದೊಡ್ಡವರೂ. ಅವನು ಎಲ್ಲರ ಜೊತೆ ನಗುತ್ತಿದ್ದ, ಹೌದು ಮಾರಾಯ, ತಪ್ಪಾಯ್ತು ಎನ್ನುತ್ತಿದ್ದ. ಹಾಗೆ ಅವನು ಒಪ್ಪಿಕೊಂಡಾಗಲೆಲ್ಲ ಹೇಜಲ್‌ಗೆ ತನ್ನ ಚೀಟಿ ಕಣ್ಣ ಮುಂದೆ ಬರುತ್ತಿತ್ತು. ಅದನ್ನು ಓದಿ ತಲೆ ಕೆಟ್ಟು, ಅವಳನ್ನೂ ಒಳಗಿನ ಜೀವವನ್ನೂ ನೆನೆಯುತ್ತಾ ಓಡುತ್ತಿದ್ದವನ ಕೈ ತಾನಾಗಿ ಮೇಲೆದ್ದಿರಬೇಕು. ನನ್ನಿಂದಾಗಿ. ಇನ್ನು ಕೆಲವು ದಿನ, ಪಾತ್ರೆ ತೊಳೆಯುವಾಗಲೋ ಸಿಗ್ನಲ್ಲಿನಲ್ಲಿ ಕಾರು ನಿಂತಾಗಲೋ, ಅದೇ ಚೀಟಿ ಬೇರೆ ಮುಖ ಮಾಡಿಕೊಂಡು ಬರುತ್ತಿತ್ತು: ಓದಿದ ಮೇಲೂ ಬರಲಿಲ್ಲವಲ್ಲ. ಒಂದು ಯೋಚನೆ ಬಂದಾಗ ಇನ್ನೊಂದು ಒಳಗೆ ಸರಿಯುತ್ತಿತ್ತು. ಇಪ್ಪತ್ತಮೂರು ವರ್ಷ ಅವಳು ಎರಡನ್ನೂ ಸಾಕಿದ್ದಳು. ಅವನನ್ನು ಒಮ್ಮೆ ಕೇಳಿದ್ದರೆ ಒಂದಾದರೂ ಸಾಯುತ್ತಿತ್ತು. ಯಾವುದು ಎಂಬ ಹೆದರಿಕೆಯೇ ಅವಳನ್ನು ಸುಮ್ಮನಿರಿಸಿತ್ತು.

ಮರುದಿನ, ವಾರದ ರಜೆಯ ಶುಕ್ರವಾರ, ಅಬು ಹಮೂರ್‌ನ ಚರ್ಚಿನಲ್ಲಿ ಪೂಜೆಯುದ್ದಕ್ಕೂ ಅವಳು ಒಂದು ಪ್ರಾರ್ಥನೆಯನ್ನೂ ಕೊನೆ ಮುಟ್ಟಿಸಲಿಲ್ಲ. ಪಾದ್ರಿಗಳ ಮಾತು ಮೈಕಿನಲ್ಲಿ ಬಂದು ಕಿವಿಯ ಹೊರಗೇ ನಿಂತಿತು. ಪಕ್ಕದಲ್ಲಿ ಲ್ಯಾನ್ಸ್‌ಲಾಟ್ ಕೈ ಕಟ್ಟಿ ನೇರ ನಿಂತಿದ್ದ. ಎಲ್ಲಿ ನಿಂತರೂ ಅವನು ಗೆರೆ ಎಳೆದು ನಿಂತವನಂತೆ ನಿಲ್ಲುವುದು. ಹೊರಗೆ ಬರುವಾಗ ಬರ್ನಡೆಟ್ ಸಿಕ್ಕಿದಳು, ನಜ್ಮಾ ದಿನಗಳ ನೆರೆಯವಳು, ಈಗ ಮಗನ ವಿಲ್ಲಾದಲ್ಲಿ ಇರುವವಳು.

"ಹೇಜಲ್, ನಿಮ್ಮ ಆಫೀಸಿನವರು ಫುಟ್‌ಬಾಲಿನ ದೊಡ್ಡ ಪುಸ್ತಕ ಮಾಡ್ತಿದ್ದಾರಂತೆ. ಲ್ಯಾನ್ಸಿಯ ಫೋಟೋ ಹಾಕ್ತಾರಾ ಹೇಗೆ, ಬಾವುಟ ಸಮೇತ?"

ಸುತ್ತ ನಿಂತ ನಾಲ್ಕು ಜನ ನಕ್ಕರು. ಲ್ಯಾನ್ಸ್‌ಲಾಟನೂ ನಕ್ಕ. "ಹಾಕಿದ್ರೆ ನಿಮಗೊಂದು ಕಾಪಿ ಕೊಡ್ತೇನೆ ಬಾಯಮ್ಮ," ಎಂದ.

ಕಾರು ನಿಲ್ಲಿಸಿದ ಬಯಲಿನಿಂದ ಹೊರಗೆ ಹೋಗಲು ಇದ್ದದ್ದು ಒಂದೇ ದಾರಿ. ನೂರಾರು ಕಾರುಗಳು ಒಂದರ ಹಿಂದೊಂದು ನಿಂತು ಅಂಗುಲ ಅಂಗುಲ ಸರಿಯುತ್ತಿದ್ದವು. ಎರಡು ಕಡೆಯೂ ಕಾರು, ಬಾಗಿಲು ತೆರೆಯಲೂ ಜಾಗವಿಲ್ಲ. ಅವಳು ಕಿಟಕಿ ಇಳಿಸಿದಳು, ದೂಳು ಬಂತೆಂದು ಏರಿಸಿದಳು, ಮತ್ತೆ ಇಳಿಸಿದಳು.

"ಏನಾಯ್ತು ನಿಂಗೆ?" ಅವನು ಕೇಳಿದ್ದು ಕೊಂಕಣಿಯಲ್ಲಿ, ಮನೆಯ ಮಾತಿನಲ್ಲಿ.

"ಎಂಬತ್ತಾರರ ಮ್ಯಾಚು ಪುಸ್ತಕದಲ್ಲಿ ಬರ್ತದೆ ಲ್ಯಾನ್ಸಿ. ನಿನ್ನ ಹೆಸರು ಕೇಳಿದ್ದಾರೆ."

"ಕೊಡು."

"ತಪ್ಪು ಅಂತ ಬರೆದಿದ್ದಾರೆ."

"ಇನ್ನೇನು ಬರೀತಾರೆ."

ಮುಂದಿನ ಕಾರು ಎರಡು ಮಾರು ಸರಿಯಿತು. ಅವನೂ ಸರಿಸಿ ಬ್ರೇಕು ಹಾಕಿದ. ಅವಳು ಮಡಿಲಲ್ಲಿದ್ದ ಪ್ರಾರ್ಥನೆ ಪುಸ್ತಕದ ಅಂಚನ್ನು ಉಗುರಿನಿಂದ ಕೆರೆಯುತ್ತಾ, ಅದನ್ನೇ ನೋಡುತ್ತಾ ಕೇಳಿದಳು.

"ಕಾಸ್ಮಿರ್ ಕೊಟ್ಟ ಚೀಟಿ... ನೀನು ಆಗಲೇ ಓದಿದ್ಯಾ?"

ಹಿಂದಿನವನು ಹಾರ್ನ್ ಹಾಕಿದ. ಮುಂದೆ ಜಾಗವಾಗಿತ್ತು. ಲ್ಯಾನ್ಸ್‌ಲಾಟ್ ಕಾರು ಸರಿಸಿದ ಮೇಲೆ ಹೇಳಿದ.

"ಓದಿದೆ."

"ಓದಿ ತಲೆ ಕೆಟ್ಟಿತಲ್ಲ, ಹಾಗಾಗಿ ತಪ್ಪಾಯ್ತು. ನಾನು ಕಳಿಸದಿದ್ರೆ—"

"ತಪ್ಪಾಗಲಿಲ್ಲ."

ಅವಳು ತಿರುಗಿ ನೋಡಿದಳು. ಅವನು ಮುಂದಿನ ಕಾರಿನ ನಂಬರ್ ಪ್ಲೇಟಿನಿಂದ ಕಣ್ಣು ತೆಗೆಯಲಿಲ್ಲ.

"ಆಫ್‌ಸೈಡ್ ಆಗಿತ್ತು ಹೇಜಲ್. ಒಂದು ಹೆಜ್ಜೆ. ಒಂಬತ್ತನೇ ನಂಬರಿನವನು ಚೆಂಡು ಬರುವ ಮೊದಲೇ ಎದುರು ತಂಡದವರಿಗಿಂತ ಒಂದು ಹೆಜ್ಜೆ ಮುಂದಿದ್ದ. ಚೀಟಿ ಓದಿದ ಮೇಲೆ ನಾನು ಬೇರೆ ಎಂತದನ್ನೂ ಯೋಚಿಸಬಾರದು ಅಂತ ಗಟ್ಟಿ ಮಾಡಿಕೊಂಡೆ. ನಲವತ್ತೈದು ನಿಮಿಷ, ಆಮೇಲೆ ಓಡಿ ಹೋಗ್ತೇನೆ ಅಂತ. ಗೆರೆ ಒಂದನ್ನೇ ನೋಡಿದೆ. ಅಷ್ಟು ಚೊಕ್ಕ ನನಗೆ ಯಾವತ್ತೂ ಕಂಡದ್ದಿಲ್ಲ, ಅದಕ್ಕೆ ಮೊದಲೂ ಇಲ್ಲ, ಮತ್ತೆಯೂ ಇಲ್ಲ."

"ಹಾಗಾದ್ರೆ ತಪ್ಪಾಯ್ತು ಅಂತ ಎಲ್ಲರ ಹತ್ರ ಯಾಕೆ ಹೇಳ್ತಾ ಬಂದೆ?"

"ಸರಿ ಇತ್ತು ಅಂತ ಹೇಳಿದ್ರೆ..." ಅವನು ಗೇರಿನ ಮೇಲೆ ಕೈಯಿಟ್ಟು ತೆಗೆದ. "ನೀನು ಅಲ್ಲಿ ಹಾಗೆ ಬಿದ್ದಿರುವಾಗ ನನ್ನ ಕಣ್ಣು ಅಷ್ಟು ಚೊಕ್ಕ ಇತ್ತು ಅಂತ ಆಗ್ತದಲ್ಲ. ತಪ್ಪು ಮಾಡಿದೆ ಅಂದ್ರೆ, ನಿನ್ನನ್ನೇ ಯೋಚಿಸ್ತಿದ್ದ ಅಂತ ನೀನು ತಿಳ್ಕೊಳ್ತಿ. ನೀನು ಹಾಗೇ ತಿಳ್ಕೊಂಡಿದ್ದಿ ಅಂತ ನನಗೆ ಗೊತ್ತಿತ್ತು."

ಗೇಟು ಬಂತು. ಕಾವಲಿನವನು ಕೈ ಬೀಸಿ ಬೇಗ ಬೇಗ, ಯಲ್ಲಾ ಎಂದ. ಕಾರು ದೊಡ್ಡ ರಸ್ತೆಗೆ ಬಿತ್ತು.

ಶನಿವಾರವೆಲ್ಲ ಹೇಜಲ್ ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡಿದಳು. ಕಪಾಟಿನ ಬಟ್ಟೆಗಳನ್ನು ಕೆಳಗೆ ಹಾಕಿ ಮಡಚಿದಳು, ಫ್ರಿಜ್ಜು ತೊಳೆದಳು, ತೊಳೆದದ್ದನ್ನು ಮರೆತು ಸಂಜೆ ಮತ್ತೆ ತೊಳೆಯಲು ಹೊರಟಳು. ನನ್ನಿಂದಾಗಿ ಅಲ್ಲ ಎಂದು ತಿಳಿದಾಗ ಹಗುರಾಗಬೇಕಿತ್ತು. ಆಗಲಿಲ್ಲ. ಇಪ್ಪತ್ತಮೂರು ವರ್ಷದಿಂದ ಹೊತ್ತ ತಪ್ಪನ್ನು ಯಾರೋ ತಲೆಯಿಂದ ಇಳಿಸಿ, ಇದು ನಿನ್ನದಲ್ಲವೇ ಅಲ್ಲ ಎಂದರೂ ಕುತ್ತಿಗೆ ಮಾತ್ರ ಬಾಗಿದಂತೆಯೇ ಇತ್ತು. ಅವನ ಕೈ ನಡುಗಲಿಲ್ಲ. ಅದೇ ಅವಳನ್ನು ಕಚ್ಚುತ್ತಿತ್ತು. ಓದಿದ, ಕಾಲುಚೀಲದೊಳಗೋ ಎಲ್ಲೋ ತುರುಕಿದ, ಗೆರೆ ನೋಡಿದ. ಒಮ್ಮೆ ಸಿಟ್ಟು ಎಷ್ಟು ಬಂತೆಂದರೆ, ಅವನ ಹೆಸರು ಕೊಡುತ್ತೇನೆ, ತಪ್ಪು ಎಂಬ ಶಬ್ದವೂ ಹಾಗೇ ಇರಲಿ, ಅಚ್ಚಾಗಲಿ, ಲೈಬ್ರರಿಗಳಲ್ಲಿ ಕೂತಿರಲಿ ಎಂದುಕೊಂಡಳು. ಆದರೆ ಆ ಸಿಟ್ಟಿನ ನಡುವೆಯೇ ಮದುವೆ ಮನೆಗಳ ನಗು ಕೇಳಿಸಿತು. ಕರವಸ್ತ್ರ ಎತ್ತಿದ ಹುಡುಗರು, ಟಿಶ್ಯೂ ಹಿಡಿದು ನಿಂತ ಡೈರೆಕ್ಟರು, ನಕ್ಕ ತಾನು. ತಾನು ಸರಿ ಎಂದು ಗೊತ್ತಿರುವ ಮನುಷ್ಯ ಅಷ್ಟೂ ಸಲ ನಿಂತು ತಪ್ಪಾಯ್ತು ಎಂದಿದ್ದ. ಅದು ಪ್ರೀತಿಯೋ ಹೇಡಿತನವೋ ಅವಳಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬಹುದು. ಹಾಲ್‌ನಲ್ಲಿ ಅವನು ಟಿ.ವಿ.ಯ ಸದ್ದು ಪೂರ್ತಿ ತಗ್ಗಿಸಿ ಇಲ್ಲಿಯ ಲೀಗಿನ ಮ್ಯಾಚು ನೋಡುತ್ತಿದ್ದ, ಯೂರೋಪಿನಿಂದ ತರಿಸಿದ ವಯಸ್ಸಾದ ಆಟಗಾರರು ನಿಧಾನವಾಗಿ ಓಡುವುದನ್ನು. ಅವನ ಕಣ್ಣು ಚೆಂಡಿನ ಮೇಲಿರಲಿಲ್ಲ. ಪರದೆಯ ಅಂಚಿನಲ್ಲಿ ಓಡುವ ಬಾವುಟದವನ ಮೇಲಿತ್ತು. ಇಷ್ಟು ವರ್ಷ ಒಂದೇ ಸೋಫಾದಲ್ಲಿ ಕೂತು ಅವಳು ಅದನ್ನು ಗಮನಿಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಕಚೇರಿಗೆ ಬಂದಾಗ ಝಕರಿಯಾ ಆಗಲೇ ಕಪಾಟಿನ ಮುಂದೆ ನೆಲದ ಮೇಲೆ ಕೂತಿದ್ದ. ಸುತ್ತ ಫೈಲುಗಳು.

"ಏಳಿ ಝಕರಿಯಾ. ಕೆಳಗಿನಿಂದ ಎರಡನೇ ಖಾನೆ, ನೀಲಿ ಫೈಲು. ಗುರುವಾರ ಸಿಕ್ಕಿತ್ತು ನನಗೆ. ಸಿಗಲಿಲ್ಲ ಅಂತ ಸುಳ್ಳು ಹೇಳಿದೆ."

ಅವನು ಅರ್ಥವಾಗದೆ ನೋಡಿದ, ಫೈಲು ತೆಗೆದ, ಹಾಳೆಯ ಕೆಳಗೆ ಕಣ್ಣಾಡಿಸಿದ. ಹೆಸರು ಓದಿದವನು ಅವಳ ಮೇಜಿನ ಮೇಲಿದ್ದ ಅವಳ ಹೆಸರಿನ ಫಲಕವನ್ನು ನೋಡಿದ. ಎರಡರಲ್ಲೂ ಕೊನೆಯ ಶಬ್ದ ಒಂದೇ.

"ಲ್ಯಾನ್ಸಿ ಅಂಕಲ್?"

"ಹೌದು."

ಝಕರಿಯಾ ಎದ್ದು ಪ್ಯಾಂಟಿನ ದೂಳು ಕೊಡವಿದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೊಡವಿದ. "ನಂಗೆ ಗೊತ್ತೇ ಇರ್ಲಿಲ್ಲ ಹೇಜಲಕ್ಕ. ಆ ಸಾಲೇ ತೆಗೆದುಬಿಡುವ. ಒಂದು ಸಾಲು ಹೋದ್ರೆ ಚರಿತ್ರೆಗೆ ಎಂತ ಆಗುದಿಲ್ಲ. ಡೈರೆಕ್ಟರಿಗೆ ನಾನು ಹೇಳ್ತೇನೆ."

"ತೆಗೀಬೇಡಿ. ಹೆಸರು ಪೂರ್ತಿ ಹಾಕಿ. ತಪ್ಪಿನಿಂದ ಅಂತ ಉಂಟಲ್ಲ, ಅದು ತೀರ್ಪಿನಿಂದ ಅಂತಾಗ್ಬೇಕು."

"ಊರಿಡೀ ತಪ್ಪು ಅಂತ ಹೇಳ್ತದಲ್ಲ ಅಕ್ಕ."

"ಊರು ಚೆಂಡು ನೋಡ್ತಿತ್ತು. ಗೆರೆ ನೋಡಿದ್ದು ಅವರೊಬ್ಬರು. ಆಫ್‌ಸೈಡ್ ಅಂತ ಅವರು ಹೇಳ್ತಾರೆ."

"ಡೈರೆಕ್ಟರು ಕೇಳಿದ್ರೆ ಯಾರು ಹೇಳಿದ್ದು ಅಂತ ಹೇಳ್ಲಿ?"

"ನಾನು. ಅವರ ಹೆಂಡತಿ ಅಂತ ಹೇಳಿ. ಇಲ್ಲ, ಬೇಡ. ನಾನೇ ಹೇಳ್ತೇನೆ."

ಹನ್ನೊಂದು ಗಂಟೆಗೆ ಅವಳು ಡೈರೆಕ್ಟರ ಕೋಣೆಗೆ ಹೋದಳು. ಅವರು ಕೇಳುತ್ತಾ ಕೇಳುತ್ತಾ ಕನ್ನಡಕ ತೆಗೆದರು. ತಾನು ಅವಳ ಎದುರಿನಲ್ಲೇ ಎಷ್ಟು ಸಲ ಎದ್ದು ನಿಂತು ತೋರಿಸಿದ್ದೆ ಎಂದು ಎಣಿಸುತ್ತಿರಬಹುದು ಎಂದು ಅವಳಿಗೆ ಅನ್ನಿಸಿತು. "ನೀನೂ ನಕ್ಕಿದ್ದೆ," ಎಂದರು ಕೊನೆಗೆ, ಮೆಲ್ಲಗೆ. "ಹೌದು ಸರ್, ನಕ್ಕಿದ್ದೆ," ಎಂದಳು. ಅವರು ಹಾಳೆ ಎಳೆದುಕೊಂಡು ಅರಬಿಯ ಒಂದು ಶಬ್ದ ಹೊಡೆದು ಹಾಕಿ ಮೇಲೆ ಇನ್ನೊಂದು ಬರೆದರು. ಗೋಲು ಗೋಲೇ ಆಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ ಎಂದೂ ಸೇರಿಸಿದರು. ಅವಳು ಬಂದು ಕೂತು ಸಾಲನ್ನು ಟೈಪ್ ಮಾಡಿದಳು. ಅದರ ಮುಂದಿನ ಸಾಲಿನಲ್ಲಿ ಮುಂದಿನ ವರ್ಷದ ಲೀಗು ಶುರುವಾಗುತ್ತಿತ್ತು.

ಎರಡೂವರೆಗೆ ಮನೆಗೆ ಬಂದಾಗ ಲ್ಯಾನ್ಸ್‌ಲಾಟ್ ಊಟಕ್ಕೆ ಬಂದು ಕಾಯುತ್ತಿದ್ದ. ಉಗ್ರಾಣ ಮತ್ತೆ ತೆರೆಯುವುದು ನಾಲ್ಕಕ್ಕೆ. ಅನ್ನ, ನಿನ್ನೆಯ ಬಂಗುಡೆ ಸಾರು ಬಿಸಿ ಮಾಡಿ ಇಟ್ಟಿದ್ದ. ಅವಳು ಕೈ ತೊಳೆದು ಎದುರಿಗೆ ಕೂತಳು.

"ಹಾಕಿದ್ರಾ?" ಎಂದು ಕೇಳಿದ.

"ಹಾಕಿದ್ರು. ತೀರ್ಪು ಅಂತ. ತಪ್ಪು ಅಂತಲ್ಲ."

ಅವನು ತಲೆ ಬಗ್ಗಿಸಿ ಮೀನಿನ ಮುಳ್ಳು ಬಿಡಿಸತೊಡಗಿದ. ಸಂತೋಷವಾಯಿತೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ. ಮುಚ್ಚಿಕೊಳ್ಳಲು ಇದ್ದ ಒಂದು ಬಟ್ಟೆಯನ್ನು ಯಾರೋ ಎಳೆದುಕೊಂಡಂತೆ ಹೆಗಲು ಒಳಗೆ ಸರಿದಿತ್ತು. ಅವಳಿಗೆ ಅವನ ಮೇಲೆ ಸಿಟ್ಟು ಇನ್ನೂ ಇತ್ತು, ಅದು ಹೋಗುವ ಸಿಟ್ಟೂ ಅಲ್ಲ. ಆದರೂ ಈಗ ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ ಎಂದು ಗೊತ್ತಾಗಿ, ಹೇಳಿದಳು.

"ಗಂಡು ಮಗು ಲ್ಯಾನ್ಸಿ. ನರ್ಸ್ ತೋರಿಸಿದ್ದಳು. ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಅವನ ಬೆರಳುಗಳು ಬಟ್ಟಲಿನಲ್ಲಿ ನಿಂತವು.

"ಕೇಳ್ಲಿಕ್ಕೆ ನನಗೆ ಬಾಯಿರ್ಲಿಲ್ಲ," ಎಂದ. ಆಮೇಲೆ, "ಹೆಸರು ಏನಾದ್ರೂ ಇಟ್ಟಿದ್ಯಾ?"

"ಇಲ್ಲ. ನೀನು ಬಂದ ಮೇಲೆ ಕೇಳಿ ಇಡುವ ಅಂತ ಇದ್ದೆ."

ಹೊರಗೆ ಯಾರದೋ ಟ್ಯಾಂಕರ್ ನೀರು ಬಿಡುವ ಸದ್ದು. ಸಾರು ಆರಿ ಮೇಲೆ ಎಣ್ಣೆಯ ಪದರ ಕಟ್ಟಿತು. ಆ ದಿನ ನಾಲ್ಕು ಗಂಟೆಗೆ ಲ್ಯಾನ್ಸ್‌ಲಾಟ್ ಉಗ್ರಾಣಕ್ಕೆ ಹೋಗಲಿಲ್ಲ.